ಸ್ನಾನದ ಹಂಡೆಗೆ ಬಂದ ಪ್ರಶಸ್ತಿ

ಹಾಸ್ಟೆಲಿನ ತಾರಸಿಯ ಮೇಲಿದ್ದ ಸೋಲಾರ್ ಹೀಟರಿನಿಂದ ಆಗುತ್ತಿದ್ದ ಉಪಯೋಗ ಒಂದೇ. ಅಡುಗೆಯ ಮುನಿಯಮ್ಮ ಅದರ ಮೇಲೆ ಮೆಣಸಿನಕಾಯಿ ಒಣಗಿಸುತ್ತಿದ್ದರು. ಬಿಡದಿ ಕಡೆಯ ಯಾವುದೋ ಕಂಪನಿ ದಾನವಾಗಿ ಕೊಟ್ಟಿದ್ದ ಹೀಟರ್ ಅದು. ಬಂದ ವರ್ಷವೇ ಕೋತಿಗಳು ಅರ್ಧ ಗಾಜಿನ ಕೊಳವೆಗಳನ್ನು ಒಡೆದುಹಾಕಿದವು. ಉಳಿದರ್ಧವನ್ನು ಬೋರ್‌ವೆಲ್ಲಿನ ಗಡಸು ನೀರು ನೋಡಿಕೊಂಡಿತು. ಪಕ್ಕದಲ್ಲಿ ಹಿಂದಿನ ಪ್ರಾಂಶುಪಾಲರ ಕಾಲದ ಗಾಳಿಯಂತ್ರವೊಂದು ನಿಂತಿತ್ತು. ಅದರ ಕಂಬಕ್ಕೂ ನೀರಿನ ಟ್ಯಾಂಕಿಗೂ ಹಗ್ಗ ಬಿಗಿದು ಹುಡುಗಿಯರು ಚೂಡಿದಾರಗಳನ್ನು ಒಣಹಾಕುತ್ತಿದ್ದರು. ಗಟ್ಟಿಮುಟ್ಟಾಗಿ ಉಳಿದಿದ್ದವು ಎರಡರ ಉದ್ಘಾಟನೆಯ ಕಲ್ಲುಗಳು ಮಾತ್ರ.

ಹೀಗಾಗಿ ಕನಕಪುರದ ಆ ಪಿಯು ಕಾಲೇಜಿನ ಹುಡುಗಿಯರ ಹಾಸ್ಟೆಲಿನಲ್ಲಿ ಬಿಸಿನೀರು ಎಂದರೆ ಹಿತ್ತಿಲ ಹಂಡೆಯ ನೀರು. ಕಾಲೇಜಿನ ಟ್ರಸ್ಟು ಕಳಿಸುತ್ತಿದ್ದ ಸೌದೆ ವಾರಕ್ಕೆ ಎರಡು ದಿನ ಒಲೆ ಉರಿಸಲು ಸಾಲುತ್ತಿತ್ತು. ಮಿಕ್ಕ ದಿನಗಳಲ್ಲಿ ಹುಡುಗಿಯರು ದೇವರ ಹೆಸರು ಹೇಳಿಕೊಂಡು ತಣ್ಣೀರು ಸುರಿದುಕೊಳ್ಳುತ್ತಿದ್ದರು, ಇಲ್ಲವೇ ಮುಖ ಮಾತ್ರ ತೊಳೆದು ಪೌಡರ್ ಹಾಕಿಕೊಳ್ಳುತ್ತಿದ್ದರು.

ದ್ವಿತೀಯ ಪಿಯು ವಿಜ್ಞಾನದ ಭಾನುಪ್ರಿಯಳಿಗೆ ಬೇಕಿದ್ದುದು ದೊಡ್ಡದೇನಲ್ಲ. ದಿನಾ ಬೆಳಿಗ್ಗೆ ಒಂದು ಬಕೆಟ್ ಬಿಸಿನೀರು. ಭೂಮಿಯನ್ನು ಉಳಿಸುವ ವಿಚಾರ ಆಮೇಲೆ ಬಂತು, ಅದೂ ಪ್ರಾಂಶುಪಾಲರ ಕೊಠಡಿಯಿಂದ.

ಪ್ರಾಂಶುಪಾಲ ನಾಗರಾಜು ಅವಳನ್ನು ಕರೆಸಿದರು. ಬೆಂಗಳೂರಿನ ಪ್ರತಿಷ್ಠಾನವೊಂದು ಹಸಿರು ಕಾಲೇಜು ಎಂಬ ಸ್ಪರ್ಧೆ ಇಟ್ಟಿದೆ, ಕಸದಿಂದ ಶಕ್ತಿ ತೆಗೆದು ತೋರಿಸಬೇಕು, ಏನು ಮಾಡೋಣ ಎಂದರು.

"ಗೋಬರ್ ಗ್ಯಾಸ್ ಮಾಡಾನ ಸಾರ್. ಹಿಂದ್ಗಡೆನೇ ಗಂಗಯ್ಯನೋರ ಕೊಟ್ಟಿಗೆ ಐತೆ. ಸಗಣಿ ಬೇಕಾದಷ್ಟು ಸಿಕ್ತದೆ. ಪೈಪು ಎಳೆದು ಹಂಡೆಗೆ ಕೊಟ್ರೆ..."

"ಸಗಣಿಗೆ ಯಾರಮ್ಮ ಪ್ರೈಜ್ ಕೊಡ್ತಾರೆ? ಅದು ನಮ್ಮಜ್ಜನ ಕಾಲದ್ದು. ಇನ್ನೋವೇಶನ್ ಬೇಕು. ನಮ್ಮ ಸೀಮೆ ಐಡೆಂಟಿಟಿ ಏನು, ಹೇಳು."

"ರೇಷ್ಮೆ ಸಾರ್."

"ಹಾಗಾದ್ರೆ ರೇಷ್ಮೆಯಿಂದ ಗ್ಯಾಸ್ ತೆಗಿ."

ಗೂಡಿನಿಂದ ನೂಲು ತೆಗಿ ಎಂದಷ್ಟೇ ಸಲೀಸಾಗಿ ಹೇಳಿದರು. ಆದರೆ ಭಾನುಪ್ರಿಯಳಿಗೆ ತನ್ನೂರು ದೊಡ್ಡಆಲಹಳ್ಳಿಯ ತಮ್ಮ ರೇಷ್ಮೆ ಹುಳದ ಮನೆಯ ಹಿಂದಿನ ಗುಡ್ಡೆ ಕಣ್ಣ ಮುಂದೆ ಬಂತು. ಹುಳಗಳ ಹಿಕ್ಕೆ, ತಿಂದುಳಿದ ಸೊಪ್ಪು, ಎಲ್ಲವೂ ಅಲ್ಲಿ ರಾಶಿ ಬಿದ್ದಿರುತ್ತಿತ್ತು. ಸಗಣಿ ಗ್ಯಾಸಾಗುವುದಾದರೆ ಅದೇಕೆ ಆಗಬಾರದು?

"ಗ್ಯಾಸ್ ಬಂದ್ರೆ ಹಂಡೆಗೆ ಪೈಪು ಹಾಕಿಸ್ತೀರಾ ಸಾರ್?"

"ಹಾಕಿಸ್ತೀನಿ. ಮೊದಲು ಬರ್ಲಿ."

ಶನಿವಾರ ಊರಿಗೆ ಹೋಗಿ ಲಗೇಜ್ ಆಟೋ ತುಂಬ ಚೀಲಗಳನ್ನು ತಂದಳು. ಅವಳ ತಾಯಿ ಶಿವಲಿಂಗಮ್ಮ ಚೀಲದ ಬಾಯಿ ಹಿಡಿದುಕೊಂಡೇ ಕೇಳಿದರು: "ತಿಪ್ಪೆ ಓದಾಕೆ ಕಾಲೇಜಿಗೆ ಕಳ್ಸಿದ್ನೇನವ್ವ? ಅದು ಇಲ್ಲೇ ಇತ್ತಲ್ಲ!"

ಹಾಸ್ಟೆಲಿನ ಹಿತ್ತಿಲಿನಲ್ಲಿ ದೊಡ್ಡ ಪ್ಲಾಸ್ಟಿಕ್ ಟ್ಯಾಂಕ್ ಕೂರಿಸಿ, ಅದರೊಳಗೆ ಸಣ್ಣದೊಂದನ್ನು ಬೋರಲು ಹಾಕಿದರು. ಗ್ಯಾಸು ತುಂಬಿದಂತೆ ಒಳಗಿನದು ಮೇಲೇಳಬೇಕು. ಅವಳ ರೂಮಿನ ಅತಿಯಾ ಚನ್ನಪಟ್ಟಣದವಳು, ಗೊಂಬೆ ಮಾಡುವ ಮನೆಯ ಹುಡುಗಿ. ಬಣ್ಣ ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಟ್ಯಾಂಕಿನ ಸುತ್ತ ಹಸಿರು ಎಲೆ, ಹಳದಿ ಹುಳ ಬರೆದಳು. ಹುಳಕ್ಕೆ ಪ್ರಾಂಶುಪಾಲರ ಮೀಸೆಯೂ ಬಂತು.

ದಿನಗಳು ಹೋದವು. ಒಳಗಿನ ಟ್ಯಾಂಕ್ ಕೂತಲ್ಲೇ ಕೂತಿತ್ತು. ಎದ್ದದ್ದು ವಾಸನೆ ಮಾತ್ರ.

"ಗ್ಯಾಸ್ ಬಂದಿಲ್ಲ ಅಂದೋರ್ಯಾರೇ? ಸೀದಾ ನಮ್ ರೂಮ್ಗೇ ಬತ್ತಾ ಐತೆ," ಎಂದು ಅತಿಯಾ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು.

ಒಂದು ಸಂಜೆ ಉಳಿದ ಚೀಲವೊಂದನ್ನು ಸುರಿದು ಕೈ ತೊಳೆಯುವಾಗ ಭಾನುಪ್ರಿಯಳ ಉಗುರ ಸಂದಿಯಲ್ಲಿ ಬೆಳ್ಳಗೆ ಏನೋ ಕಂಡಿತು. ತಿಕ್ಕಿ ನೋಡಿದಳು. ಸುಣ್ಣ.

ಪೊರೆ ಬಿಡುವ ಮುನ್ನ ರೇಷ್ಮೆ ಹುಳಗಳು ಸೊಪ್ಪು ತಿನ್ನದೆ ತಲೆಯೆತ್ತಿ ಸುಮ್ಮನಾಗಿಬಿಡುತ್ತವೆ. ಊರಿನಲ್ಲಿ ಅದಕ್ಕೆ ಜ್ವರ ಎನ್ನುತ್ತಾರೆ. ಪ್ರತಿ ಜ್ವರಕ್ಕೂ ರೋಗಾಣು ಸಾಯಲೆಂದು, ಹಾಸು ಒಣಗಲೆಂದು ಸುಣ್ಣದ ಪುಡಿ ಉದುರಿಸುತ್ತಾರೆ. ದಸರಾ ರಜೆಯಲ್ಲಿ ತೆಳು ಬಟ್ಟೆಯಲ್ಲಿ ಸುಣ್ಣ ಕಟ್ಟಿಕೊಂಡು ಉದುರಿಸಿದವಳು ಅವಳೇ. ರಂಗೋಲಿ ಹಾಕಿದಷ್ಟೇ ಮಾಮೂಲಿ ಕೆಲಸ. ಯಾರೂ ಅದನ್ನು ನೆನಪಿಟ್ಟುಕೊಳ್ಳುವುದಿಲ್ಲ. ಗ್ಯಾಸು ಮಾಡಬೇಕಾದ ಸೂಕ್ಷ್ಮಾಣುಗಳಿಗೆ ಅವಳು ಮನೆ ಕಟ್ಟಿಕೊಟ್ಟು, ಒಳಗೆ ವಿಷ ಬಡಿಸಿದ್ದಳು.

ಮರುದಿನವೇ ಪ್ರಾಂಶುಪಾಲರಿಗೆ ಹೇಳಿದಳು. "ಎಲ್ಲಾ ನಾನೇ ಸಾಯಿಸ್ಬುಟ್ಟಿದೀನಿ ಸಾರ್. ಟ್ಯಾಂಕ್ ಖಾಲಿ ಮಾಡಿ ಸಗಣಿ ತುಂಬ್ಬೇಕು. ಒಂದು ತಿಂಗ್ಳಾದ್ರೂ ಬೇಕು."

"ಮುಂದಿನ ವಾರ ತೀರ್ಪುಗಾರರು ಬರ್ತಿದ್ದಾರೆ. ಯಾಕೆ ಖಾಲಿ ಮಾಡ್ತೀಯ? ಟ್ಯಾಂಕ್ ಲಕ್ಷಣವಾಗಿದೆ. ಗ್ಯಾಸ್ ತಾನೆ ಬೇಕಿರೋದು?"

ಗ್ಯಾಸು ಅಡುಗೆಮನೆಯಲ್ಲೇ ಇತ್ತು, ಸಿಲಿಂಡರಿನಲ್ಲಿ. ಟ್ಯಾಂಕಿನ ಹಿಂದೆ ಬಾಗಿಲು ಮುರಿದ ಹಳೆಯ ಶೌಚಾಲಯವಿತ್ತು. ಸಿಲಿಂಡರನ್ನು ಅಲ್ಲಿಟ್ಟು, ಪೈಪನ್ನು ಟ್ಯಾಂಕಿನ ಬದಿಗೆ ಒತ್ತಿ ಒಲೆಗೆ ತಂದರೆ ಯಾರಿಗೂ ತಿಳಿಯದು ಎಂದರು.

"ಅದು ಮೋಸ ಅಲ್ವಾ ಸಾರ್?"

"ಅದಕ್ಕೆ ಡೆಮಾನ್‌ಸ್ಟ್ರೇಶನ್ ಅಂತಾರೆ. ಪ್ರೈಜ್ ಬಂದ ಮಾರನೇ ದಿನ ಹಂಡೆಗೆ ಪೈಪು. ಸರೀನಾ?"

ಭಾನುಪ್ರಿಯ ಬಕೆಟ್ಟನ್ನು ನೆನೆದಳು. ಸರಿ ಎಂದಳು. ಅವಳನ್ನು ಯಾರೂ ಬಲವಂತ ಮಾಡಲಿಲ್ಲ.

ತೀರ್ಪುಗಾರರು ಬಂದ ದಿನ ಗೇಟಿನಲ್ಲಿ 'ಪ್ಲಾಸ್ಟಿಕ್ ಮುಕ್ತ ಆವರಣಕ್ಕೆ ಸ್ವಾಗತ' ಎಂಬ ಆಳೆತ್ತರದ ಪ್ಲಾಸ್ಟಿಕ್ ಫ್ಲೆಕ್ಸ್ ನಿಂತಿತ್ತು. ಎಲ್ಲರ ಕೈಗೂ ನೀರಿನ ಬಾಟಲಿ, ಜರಿ ಕಾಗದ ಸುತ್ತಿದ ಹೂಗುಚ್ಛ ಬಂದವು. ತಂಡದ ಮುಖ್ಯಸ್ಥೆ ಸುಮನಾ ಕೈಮಗ್ಗದ ಸೀರೆ ಉಟ್ಟು, ಪ್ರತಿ ಮಾತಿಗೂ ಕಣ್ಣು ಮುಚ್ಚಿ ತೆರೆಯುವ ಹೆಂಗಸು. ಮುನಿಯಮ್ಮ ಚಹಾಕ್ಕೆಂದು ಒಲೆ ಹಚ್ಚಿದರು. ಭುಸ್ಸೆಂದು ನೀಲಿ ಜ್ವಾಲೆ ಎದ್ದಿತು. ಚಪ್ಪಾಳೆ ಬಿತ್ತು.

"ಬಯೋಗ್ಯಾಸ್ ಇಷ್ಟು ಜೋರಾಗಿ ಉರಿಯುತ್ತದೆಯೇ?" ಎಂದು ತಂಡದ ಹಿರಿಯರೊಬ್ಬರು ಕೇಳಿದರು.

"ರೇಷ್ಮೆ ಗುಣ ಸಾರ್," ಎಂದರು ಪ್ರಾಂಶುಪಾಲರು.

ಸುಮನಾ ಚಹಾ ಗುಟುಕರಿಸಿ ಕಣ್ಣು ಮುಚ್ಚಿದರು. "ಈ ಚಹಾದಲ್ಲಿ ಮಣ್ಣಿನ ಘಮವಿದೆ."

"ಹಾಲು ಒಸಿ ಸೀದೋಗಿತ್ತು ಕಣವ್ವ," ಎಂದು ಮುನಿಯಮ್ಮ ಭಾನುಪ್ರಿಯಳ ಕಿವಿಯಲ್ಲಿ ಉಸುರಿದರು.

ಮೊದಲ ಸುತ್ತಿನ ಪ್ರಶಸ್ತಿ ಬಂತು. ಪ್ರಾಂಶುಪಾಲರು ಮಾತಿಗೆ ತಪ್ಪಲಿಲ್ಲ. ಮಾರನೇ ದಿನವೇ ಪ್ಲಂಬರ್ ಬಂದು ಟ್ಯಾಂಕಿನಿಂದ ಹಂಡೆಯ ಒಲೆಗೆ ಪೈಪು ಹಾಕಿದ, ಹೊಸ ಬರ್ನರ್ ಕೂರಿಸಿದ. ಪೈಪಿನೊಳಗೆ ಗ್ಯಾಸು ಇರಲಿಲ್ಲ, ಅಷ್ಟೆ. ಪತ್ರಿಕೆಯಲ್ಲಿ ಚಿತ್ರವೂ ಬಂತು: ಹುಡುಗಿಯರ ಹಾಸ್ಟೆಲಿನ ಅಡುಗೆ, ಬಿಸಿನೀರು ಎಲ್ಲವೂ ಈಗ ರೇಷ್ಮೆ ಕಸದಿಂದಲೇ.

ಅದನ್ನು ಓದಿದವರಲ್ಲಿ ಟ್ರಸ್ಟಿನ ಅಧ್ಯಕ್ಷ ಮರಿಯಪ್ಪನವರೂ ಒಬ್ಬರು. ಓದಿ ಹೆಮ್ಮೆಪಟ್ಟರು. ಹೆಮ್ಮೆಪಟ್ಟು, ಹುಡುಗಿಯರ ಹಾಸ್ಟೆಲಿನ ಸೌದೆಯನ್ನು ಪೂರ್ತಿ ನಿಲ್ಲಿಸಿದರು. ಅಡುಗೆಮನೆಗೆ ಒಂದು ಸಿಲಿಂಡರ್ ಬಿಟ್ಟು ಮಿಕ್ಕವನ್ನು ಹುಡುಗರ ಹಾಸ್ಟೆಲಿಗೆ ಸಾಗಿಸಿದರು.

ಈಗ ವಾರಕ್ಕೆ ಎರಡು ದಿನದ ಬಿಸಿನೀರೂ ಹೋಯಿತು. ಹೊರಗೆ ಮಾಗಿಯ ಚಳಿ ಕೊರೆಯುತ್ತಿತ್ತು. ಸಾಲಾಗಿ ಸೀನುತ್ತಿದ್ದ ಹುಡುಗಿಯರು ಭಾನುಪ್ರಿಯಳನ್ನು ಕಂಡಾಗೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು.

"ನೀನು ಭೂಮಿ ಉಳಿಸ್ದೆ ಕಣೇ," ಅತಿಯಾ ಹಲ್ಲು ಕಟಕಟಿಸುತ್ತ ಹೇಳಿದಳು. "ನಾವು ಉಳಿಯಲ್ಲ, ಅದೊಂದು ಬ್ಯಾರೆ ಮಾತು."

ಭಾನುಪ್ರಿಯ ಯಾರನ್ನೂ ಕೇಳದೆ ಟ್ಯಾಂಕನ್ನು ಬರಿದು ಮಾಡಿದಳು. ಗಂಗಯ್ಯನವರ ಕೊಟ್ಟಿಗೆಯಿಂದ ಸಗಣಿ ಹೊತ್ತು ತುಂಬಿದಳು. ಬೈಯುತ್ತಲೇ ಅತಿಯಾ ಇನ್ನೊಂದು ಬುಟ್ಟಿ ಹಿಡಿದಳು. ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ ಒಳಗಿನ ಟ್ಯಾಂಕ್ ನಿಧಾನವಾಗಿ, ಮುದುಕ ಚಾಪೆಯಿಂದ ಏಳುವಂತೆ, ಮೇಲೆದ್ದಿತು. ಹಂಡೆಯ ಕೆಳಗೆ ಬರ್ನರ್ ಹಚ್ಚಿದರು. ಉರಿ ಬಂತು. ಆನೆಯ ಹೊಟ್ಟೆ ಕೆಳಗೆ ಊದುಬತ್ತಿ ಹಚ್ಚಿಟ್ಟ ಹಾಗಿತ್ತು. ಒಂದು ಚೊಂಬು ನೀರು ಕಾಯಿಸಬಹುದು, ನಲವತ್ತು ಹುಡುಗಿಯರ ಹಂಡೆಯನ್ನಲ್ಲ. ಬಣ್ಣ ಬಳಿದು ತೋರಿಸಲೆಂದೇ ಮಾಡಿದ ಟ್ಯಾಂಕಿನಿಂದ ಬರುವುದು ಅಷ್ಟೇ ಎಂದು ಅವಳಿಗೆ ಅರ್ಥವಾಯಿತು.

ಅಷ್ಟರಲ್ಲಿ ಸ್ಪರ್ಧೆಯ ಅಂತಿಮ ಸುತ್ತು ಬಂತು. ಅದೇ ತಂಡ ಮತ್ತೆ ಬರುತ್ತದೆಂದು ತಿಳಿದ ಪ್ರಾಂಶುಪಾಲರು ಬೆಳಿಗ್ಗೆಯೇ ಅಡುಗೆಮನೆಗೆ ಬಂದರು.

"ಸಿಲಿಂಡರ್ ಹಿಂದಕ್ಕೆ ಇಡಿ."

"ಅದ್ರ ಮೇಲೆ ಸಾರು ಕುದೀತೈತೆ ಸಾರ್. ಇರೋದೇ ಒಂದು," ಎಂದರು ಮುನಿಯಮ್ಮ.

"ಒಂದು ಗಂಟೆ ಮಟ್ಟಿಗೆ. ಭಾನುಪ್ರಿಯ, ನೀನಾದ್ರೂ ಹೇಳಮ್ಮ."

ಭಾನುಪ್ರಿಯ ಒಲೆಯ ಮುಂದೆ ನಿಂತಿದ್ದಳು, ಕದಲಲಿಲ್ಲ. "ಹೋದ ಸಲ ಕೊಟ್ಟಿದ್ಕೆ ಸೌದೆ ಹೋಯ್ತು ಸಾರ್. ಈ ಸಲ ಕೊಟ್ರೆ ಸಾರೂ ಹೋಯ್ತದೆ."

ಮಾತು ಮುಗಿಯುವಷ್ಟರಲ್ಲಿ ತೀರ್ಪುಗಾರರು ಬಂದೇಬಿಟ್ಟರು. ಹಿತ್ತಿಲಿನಲ್ಲಿ ಮರಿಯಪ್ಪನವರೂ ಸೇರಿದಂತೆ ಎಲ್ಲರೂ ಹಂಡೆಯ ಸುತ್ತ ನಿಂತರು. ಭಾನುಪ್ರಿಯ ಹಂಡೆಯ ಕೆಳಗೆ ಕಡ್ಡಿ ಗೀರಿದಳು. ಊದುಬತ್ತಿಯಷ್ಟು ಉರಿ ಬಂದು, ಅಲ್ಲಾಡಿ, ನಿಂತಿತು.

"ಕಳೆದ ಬಾರಿ ಚೆನ್ನಾಗಿ ಉರಿದಿತ್ತಲ್ಲ?" ಸುಮನಾ ಕಣ್ಣು ಮುಚ್ಚುವುದನ್ನೇ ಮರೆತರು.

"ಅದು ಸಿಲಿಂಡರ್ ಗ್ಯಾಸ್ ಮೇಡಂ. ಅಗೋ, ಆ ಟಾಯ್ಲೆಟ್ಟಲ್ಲಿ ಇಟ್ಟಿದ್ವಿ. ರೇಷ್ಮೆ ಕಸದಲ್ಲಿ ಸುಣ್ಣ ಇತ್ತು, ಗ್ಯಾಸ್ ಬರ್ಲಿಲ್ಲ. ಅದು ನನ್ ತಪ್ಪು. ಇದು ಸಗಣಿದು. ಇದು ನಿಜದ್ದು."

ಪ್ರಾಂಶುಪಾಲರು ತಾರಸಿಯ ಗಾಳಿಯಂತ್ರವನ್ನು ನೋಡುತ್ತ ನಿಂತುಬಿಟ್ಟರು, ಈಗಲಾದರೂ ತಿರುಗೀತೇನೋ ಎಂಬಂತೆ. ಮರಿಯಪ್ಪನವರ ಮುಖ ಕೆಂಪಾಯಿತು. ಆದರೆ ಎಲ್ಲರಿಗಿಂತ ಕಂಗಾಲಾದವರು ಸುಮನಾ. ಆ ನೀಲಿ ಜ್ವಾಲೆಯ ಚಿತ್ರ ಪ್ರತಿಷ್ಠಾನದ ಕ್ಯಾಲೆಂಡರಿನಲ್ಲಿ ಆಗಲೇ ಅಚ್ಚಾಗಿ ಊರೂರಿಗೆ ಹಂಚಿಹೋಗಿತ್ತು.

"ಈಗ... ಈಗ ನಿಮಗೆ ಏನು ಬೇಕು?" ಎಂದು ತಗ್ಗಿದ ದನಿಯಲ್ಲಿ ಕೇಳಿದರು.

"ಸೌದೆ ಮೇಡಂ."

"ಸೌದೆ? ಪರಿಸರದ ಸ್ಪರ್ಧೆಯಲ್ಲಿ?"

"ಮರ ಕಡೀರಿ ಅಂತಿಲ್ಲ. ನಮ್ಮೂರಲ್ಲಿ ಹುಳ ಸೊಪ್ಪು ತಿಂದ ಮೇಲೆ ಕಡ್ಡಿ ಉಳಿತದೆ. ಒಣಗಿಸಿ ಒಲೆಗೆ ಹಾಕ್ತೀವಿ, ಎಲ್ಲರ ಮನೇಲೂ ಅದೇಯ. ವಾರಕ್ಕೊಂದು ಟ್ರ್ಯಾಕ್ಟರ್ ಕಡ್ಡಿ ಬಂದ್ರೆ ದಿನಾ ನೀರು ಕಾಯ್ತದೆ."

ಹಿರಿಯ ತೀರ್ಪುಗಾರರು ಮೆಲ್ಲಗೆ ತಲೆಯೆತ್ತಿದರು. "ಕೃಷಿ ತ್ಯಾಜ್ಯ," ಎಂದರು.

"ಸ್ಥಳೀಯ," ಎಂದರು ಸುಮನಾ.

"ಮತ್ತೆ ಮತ್ತೆ ಬೆಳೆಯುವಂಥದ್ದು," ಎಂದರು ಇನ್ನೊಬ್ಬರು.

"ಬಯೋಮಾಸ್!" ಎಂದು ಪ್ರಾಂಶುಪಾಲರು ಗಾಳಿಯಂತ್ರದಿಂದ ಕಣ್ಣು ಕಿತ್ತು ಕೂಗಿದರು. "ನಮ್ಮ ಯೋಜನೆಯ ಎರಡನೇ ಹಂತ ಅದೇ ಮೇಡಂ!"

ಎಲ್ಲರ ಮುಖಕ್ಕೂ ಮತ್ತೆ ಕಳೆ ಬಂತು. ಯಾರೂ ಮೋಸ ಮಾಡಿರಲಿಲ್ಲ, ಯಾರೂ ಮೋಸ ಹೋಗಿರಲಿಲ್ಲ. ಮೊದಲ ಹಂತ ಮುಗಿದಿತ್ತು, ಅಷ್ಟೆ. ಪ್ರತಿಷ್ಠಾನ ಎರಡನೇ ಹಂತಕ್ಕೂ ಪ್ರಶಸ್ತಿ ಘೋಷಿಸಿತು. ಮರಿಯಪ್ಪನವರು ದೊಡ್ಡಆಲಹಳ್ಳಿಯಿಂದ ವಾರಕ್ಕೊಮ್ಮೆ ಟ್ರ್ಯಾಕ್ಟರ್ ಗೊತ್ತುಮಾಡಿದರು. ಸ್ನಾನದ ಮನೆಯ ಬಾಗಿಲ ಬಳಿ 'ರೇಷ್ಮೆ ಕೃಷಿ ತ್ಯಾಜ್ಯ ಆಧಾರಿತ ಬಯೋಮಾಸ್ ಉಷ್ಣ ಘಟಕ' ಎಂದು ಕೆತ್ತಿದ ಕಲ್ಲು ನಿಂತಿತು. ಉದ್ಘಾಟನೆಯ ದಿನ ಮರಿಯಪ್ಪನವರು ಟೇಪು ಕತ್ತರಿಸಿ, ಒಲೆಗೆ ಮೊದಲ ಕಡ್ಡಿ ತುರುಕಿ, ಊದಿದರು. ಹೊಗೆ ಅವರ ಕಣ್ಣಿಗೇ ನುಗ್ಗಿತು. ನೀರು ಸುರಿಯುವ ಕಣ್ಣಿನ ಫೋಟೋ ಪತ್ರಿಕೆಯಲ್ಲಿ ಬಂತು, ಕೆಳಗೆ 'ಭಾವುಕರಾದ ಅಧ್ಯಕ್ಷರು' ಎಂದಿತ್ತು.

ಫೋನಿನಲ್ಲಿ ಕೇಳಿದ ಶಿವಲಿಂಗಮ್ಮ ಬಹಳ ಹೊತ್ತು ನಕ್ಕರು. "ನಮ್ಮ ಒಲೆಗೆ ಯಾವತ್ತು ಬತ್ತಾರಂತೆ? ಕೇಳಿ ಹೇಳವ್ವ, ಸಾರಿಸಿಟ್ಟಿರ್ತೀನಿ."

ಗೇಟಿನ ಫ್ಲೆಕ್ಸನ್ನು ಮುನಿಯಮ್ಮ ಕಡ್ಡಿಯ ರಾಶಿಯ ಮೇಲೆ ಇಬ್ಬನಿ ಬೀಳದಂತೆ ಹೊದಿಸಿದರು. ಟ್ಯಾಂಕಿನ ಗ್ಯಾಸಿನಲ್ಲಿ ಬೆಳಿಗ್ಗೆ ತಮಗೊಂದು ಲೋಟ ಕಾಫಿ ಕಾಯಿಸಿಕೊಳ್ಳತೊಡಗಿದರು.

ಉದ್ಘಾಟನೆಯ ಮರುದಿನ ಭಾನುಪ್ರಿಯ ಬಕೆಟ್ ತುಂಬ ಬಿಸಿನೀರು ಹಿಡಿದು ಒಳಗೆ ಹೋದಳು. ಹೊಸ ಕಲ್ಲು ಸೋಪಿನ ಡಬ್ಬಿ ಇಡುವುದಕ್ಕೆ ಸರಿಯಾದ ಎತ್ತರದಲ್ಲಿತ್ತು; ಆಗಲೇ ಸಾಲಾಗಿ ಡಬ್ಬಿಗಳು ಕೂತಿದ್ದವು. ಮೊದಲ ಚೊಂಬು ನೀರು ಬೆನ್ನ ಮೇಲೆ ಇಳಿಯುವ ಹೊತ್ತಿಗೆ ಅತಿಯಾ ಬಾಗಿಲು ಬಡಿಯತೊಡಗಿದಳು.

"ಲೇ, ಬೇಗ ಬಾರೇ ಆಚೆಗೆ! ನನ್ನ ಬಯೋಮಾಸ್ ಆರೋಯ್ತದೆ!"