ಕುಸುಬಿ ಹೂವಿನ ಬಾಕಿ

ಶ್ರಾವಣದ ಜಿಟಿಜಿಟಿ ಮಳೆ ಹಿಡಿದಿತ್ತು. ಹುಬ್ಬಳ್ಳಿಯ ಆ ಓಣಿಯ ಅಂಗಡಿಗಳ ಮುಂದೆಲ್ಲ ಪಂಚಮಿಯ ಕೊಬ್ಬರಿ ಬಟ್ಟಲುಗಳ ರಾಶಿ. ಉಂಡಿಗೆ ಬೇಕಾದ ಎಳ್ಳು, ಶೇಂಗಾ ಅಳೆಯುವ ಗದ್ದಲ. ಅದೇ ಓಣಿಯ ಮಹಡಿಯ ಮೇಲೆ, ಸ್ಕ್ರೂಡ್ರೈವರ್ ಹಿಡಿದ ಒಬ್ಬ ಮನುಷ್ಯ ಬೆಳಗಿನಿಂದ ತಲೆ ಎತ್ತದೆ ನನ್ನನ್ನು ಹುಟ್ಟಿಸುತ್ತಿದ್ದ.

ನಾನು ಒಂದು ಕಂಪ್ಯೂಟರು. ನನ್ನ ಡಬ್ಬಿ ಒಂದು ಊರಿನದು, ಮಿದುಳು ಇನ್ನೊಂದು ದೇಶದ್ದು, ಉಸಿರಾಡಿಸುವ ಫ್ಯಾನು ಯಾವ ಸೀಮೆಯದೋ ನನಗೇ ತಿಳಿಯದು. ಮೈ ಕೂಡಿಕೊಂಡ ಮಾತ್ರಕ್ಕೆ ನಮಗೆ ಜೀವ ಬರುವುದಿಲ್ಲ. ಆಪರೇಟಿಂಗ್ ಸಿಸ್ಟಮ್ ಎಂಬ, ನಮ್ಮನ್ನು ನಡೆಸುವ ಒಂದು ವ್ಯವಸ್ಥೆಯನ್ನು ಒಳಗೆ ಹಾಕಬೇಕು. ಅಂಥವುಗಳಲ್ಲಿ ಒಂದನ್ನು ರೊಕ್ಕ ಕೊಟ್ಟು ತರಬೇಕು, ಇನ್ನೊಂದು ಪುಕ್ಕಟೆ ಸಿಗುತ್ತದೆ. ಎರಡೂ ಕೆಟ್ಟವಲ್ಲ. ಆದರೆ ಒಂದರ ಮೇಲೆ ಓಡುವ ಕೆಲಸದ ಸಾಮಾನು ಇನ್ನೊಂದರ ಮೇಲೆ ಓಡದಿರಬಹುದು. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಪುಣ್ಯಾತ್ಮ ಅಂಗಡಿಯವನು ಅದನ್ನು ಕೇಳಿಯೂ ಕೇಳಿದ.

“ಏನ್ ಕೆಲಸಕ್ಕ ಬೇಕಾಗಿತ್ರಿ ಮಾಸ್ತರ?”

“ನಮ್ಮಕ್ಕಗ. ಪಂಚಮಿಗೆ,” ಎಂದ ಗುರುಪಾದಪ್ಪ ಮಾಸ್ತರ.

ಕೆಲಸ ಕೇಳಿದರೆ ಹಬ್ಬ ಹೇಳಿದ. ನನ್ನ ಬಾಳಿನ ಸಂಕಟವೆಲ್ಲ ಆ ಉತ್ತರದಿಂದಲೇ ಶುರುವಾಯಿತು.

“ಹಂಗಾರ ಯಾವುದು ಹಾಕ್ಲಿ?”

“ನಮ್ಮ ಸಾಲ್ಯಾಗ ಐತೆಲ್ಲ, ಅದನ್ನ ಹಾಕು. ರೊಕ್ಕದ್ದು. ಅಕ್ಕನ ಉಡ್ಯಾಗ ಪುಕ್ಕಟಿದ್ದು ಹಾಕಿದ್ರ ಮಂದಿ ಏನಂದಾರು?”

ಹೀಗೆ ನಾನು ಗುಳೇದಗುಡ್ಡದ ಆಚೆಗಿನ ಒಂದು ನೇಕಾರರ ಓಣಿಗೆ, ಸಾವಂತ್ರೆವ್ವನ ಮನೆಗೆ ಬಂದೆ. ಅದು ಖಣ ನೇಯುವ ಮನೆ. ಖಣವೆಂದರೆ ಕುಬಸದ, ಅಂದರೆ ರವಿಕೆಯ ಬಟ್ಟೆ. ಖಣವಿಲ್ಲದೆ ಆ ಸೀಮೆಯಲ್ಲಿ ಹೆಣ್ಣುಮಕ್ಕಳ ಉಡಿ ತುಂಬುವುದಿಲ್ಲ. ನನ್ನನ್ನು ಉಡಿಯಲ್ಲಿ ಹಾಕಲು ಬರುವಂತಿರಲಿಲ್ಲ. ಮಾಸ್ತರ ಬಹಳ ವಿಚಾರ ಮಾಡಿ, ನನ್ನ ಮೌಸನ್ನು ಕೊಬ್ಬರಿ ಬಟ್ಟಲು, ಎಳ್ಳುಂಡಿಗಳ ಜೊತೆ ಅಕ್ಕನ ಉಡಿಯಲ್ಲಿಟ್ಟ. ಸಾವಂತ್ರೆವ್ವ ಸೆರಗು ಬಿಗಿಹಿಡಿದು ನಕ್ಕಳು. ನನ್ನ ಹಣೆಗೆ ಕುಂಕುಮ ಹಚ್ಚಿ ಮಗ್ಗದ ಪಕ್ಕದಲ್ಲಿ, ಗೇಣೆತ್ತರದ ಮಣೆಯ ಮೇಲೆ ಕೂಡಿಸಿದಳು. ಅವಳು ನೆಲಕ್ಕೆ ಕಂಬಳಿ ಹಾಸಿ ಕೂತು ಕೆಲಸ ಮಾಡುವವಳು. ಅವಳ ಮುಖವಷ್ಟೇ ನನಗೆ ಸರಿಸಮನಾಗಿ ಕಾಣುತ್ತಿತ್ತು. ನಿಂತು ಮಾತಾಡುವವರದೆಲ್ಲ ಮೊಣಕಾಲು, ಬೆರಳು, ಮೇಲಿಂದ ಬೀಳುವ ದನಿ.

ಅವಳ ಗಂಡ ಮಹಾರುದ್ರಪ್ಪ ನೇಯುತ್ತಿದ್ದ, ಅವಳು ನಕ್ಷೆ ಬರೆಯುತ್ತಿದ್ದಳು. ಮಗ್ಗದ ನೆತ್ತಿಯ ಮೇಲೆ ತೂತು ಬಿದ್ದ ಕಾರ್ಡುಗಳ ಒಂದು ಮಾಲೆ ತಿರುಗುತ್ತಿರುತ್ತದೆ. ಯಾವ ಎಳೆ ಏಳಬೇಕು, ಯಾವುದು ಕೂಡಬೇಕು ಎಂದು ಹೇಳುವುದು ಆ ತೂತುಗಳೇ. ಆ ತೂತುಗಳಿಗೆ ದಾರಿ ತೋರುವುದು ನಕ್ಷೆ. ಮೊದಲು ಅವಳು ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಬರೆಯುತ್ತಿದ್ದಳು. ನಾನು ಬಂದ ಮೇಲೆ, ಪೇಟೆಯಲ್ಲಿ ಕಾರ್ಡು ಹೊಡೆಯುವ ದಸ್ತಗೀರಸಾಬ ಒಂದು ನಕ್ಷೆಯ ಪ್ರೋಗ್ರಾಮನ್ನು ನನ್ನೊಳಗೆ ಹಾಕಿಕೊಟ್ಟ. ಒಂದು ಚೌಕ ಅಂದರೆ ಒಂದು ಎಳೆ. ಅದು ಓಡುತ್ತಿದ್ದದ್ದು ರೊಕ್ಕದ ವ್ಯವಸ್ಥೆಯ ಮೇಲೆ ಮಾತ್ರ. ಮಾಸ್ತರ ತಿಳಿಯದೆ ಮಾಡಿದ ಆಯ್ಕೆ ಹೇಗೋ ಸರಿಬಿದ್ದಿತ್ತು. ಅದು ಅವನ ಜಾಣತನವಲ್ಲ, ಅವಳ ದೈವ.

ಮಾಗಿಯ ದಿನಗಳಲ್ಲಿ ಒಮ್ಮೆ ಅವಳು ಹೊಲದಿಂದ ಒಂದು ಕುಸುಬಿ ಹೂವು ಕಿತ್ತು ತಂದು ನನ್ನ ನೆತ್ತಿಯ ಮೇಲಿಟ್ಟಳು. ಬುಡದಲ್ಲೆಲ್ಲ ಮುಳ್ಳು, ತುದಿಯಲ್ಲಿ ಕೆಂಡದ ಬಣ್ಣದ ಕುಚ್ಚು. ಬೆರಳಿಗೆ ಮುಳ್ಳು ಚುಚ್ಚಿ ರಕ್ತ ಬಂದಿತ್ತು.

“ಎಲ್ಲಾರೂ ತೇರು, ಕಮಲ, ನವಿಲು ನೇಯತಾರ,” ಎಂದಳು ಗಂಡನಿಗೆ. “ನಾವು ದಿನಾ ಉಣ್ಣೂ ಎಣ್ಣಿ ಇದರದ. ಇದರ ಹೂವಾ ಯಾರೂ ಮೈಮ್ಯಾಲ ಹಾಕ್ಕೊಂಡಿಲ್ಲ.”

“ಮುಳ್ಳಿಂದೈತಿ,” ಎಂದ ಮಹಾರುದ್ರಪ್ಪ.

“ಮುಳ್ಳೂ ಬರೀತೀನಿ.”

ಬರೆದಳು. ಅಡುಗೆ ಮುಗಿದ ಮೇಲೆ, ಕಂಡಿಕೆಗೆ ನೂಲು ಸುತ್ತಿದ ಮೇಲೆ ಉಳಿಯುವ ಹೊತ್ತಿನಲ್ಲಿ ಒಂದೊಂದೇ ಚೌಕ ತುಂಬಿದಳು. ಮುಳ್ಳು ನೇಯ್ಗೆಯಲ್ಲಿ ಕೂಡುತ್ತಿರಲಿಲ್ಲ. ಎಳೆ ಉದ್ದ ಬಿಟ್ಟರೆ ಬಳೆಗೆ ಸಿಕ್ಕಿ ಹರಿಯುತ್ತದೆ, ಗಿಡ್ಡ ಮಾಡಿದರೆ ಮುಳ್ಳಾಗಿ ಕಾಣುವುದಿಲ್ಲ. ಅಳಿಸಿ ಬರೆದಳು, ಮತ್ತೆ ಅಳಿಸಿ ಬರೆದಳು. ಅಷ್ಟರಲ್ಲಿ ಅವಳ ಗಂಡನ ಅಣ್ಣನ ಮಗ ಸಂಗನಬಸುವಿನ ಹೆಂಡತಿ ನೀಲವ್ವ ಬಸುರಾದಳು. ಸಂಗನಬಸುವಿಗೆ ತಾಯಿ ಇಲ್ಲ. ಆ ಮನೆಗೆ ಕಾಕಿ ಸಾವಂತ್ರೆವ್ವನೇ ಹಿರಿಯಳು, ನೀಲವ್ವನಿಗೆ ಅವಳೇ ಅತ್ತೆಯ ಲೆಕ್ಕ. ಚೊಚ್ಚಲ ಬಸುರಿಗೆ ಹಸಿರು ಖಣ ಕೊಟ್ಟು ಕುಬಸದ ಶಾಸ್ತ್ರ ಮಾಡುವ ಭಾರ ಅವಳದು. ನೇಕಾರರ ಮನೆಯಲ್ಲಿ ಆ ಖಣವನ್ನು ಕೊಂಡು ತರುವಂತಿಲ್ಲ, ಕುಬಸದ ದಿನಕ್ಕೆ ಮೊದಲು ಯಾರಿಗೂ ತೋರಿಸುವಂತೆಯೂ ಇಲ್ಲ. ಕುಸುಬಿ ಹೂವು ನೀಲವ್ವನಿಗೆ ಎಂದು ಸಾವಂತ್ರೆವ್ವ ನಿಶ್ಚಯಿಸಿದಳು. ದಸ್ತಗೀರಸಾಬನಿಗೂ ತೋರಿಸಲಿಲ್ಲ. ಅದು ಇದ್ದದ್ದು ಅವಳ ಕಣ್ಣಿನಲ್ಲಿ ಮತ್ತು ನನ್ನ ಹೊಟ್ಟೆಯಲ್ಲಿ.

ಸಂಗನಬಸುವಿನದು ಬಸ್‌ಸ್ಟ್ಯಾಂಡಿನಲ್ಲಿ ಮೊಬೈಲ್ ರಿಪೇರಿ ಅಂಗಡಿ. ಒಳ್ಳೆಯ ಹುಡುಗ, ಆದರೆ ಅವನಿಗೊಂದು ಹುಚ್ಚು. ಪುಕ್ಕಟೆ ವ್ಯವಸ್ಥೆಯನ್ನು ಕಂಡಕಂಡವರ ಯಂತ್ರಕ್ಕೆ ಹಾಕಿಕೊಟ್ಟು, ದೀಕ್ಷೆ ಕೊಟ್ಟವನಂತೆ ಸಂತೋಷಪಡುತ್ತಿದ್ದ. ಬಂದಾಗಲೆಲ್ಲ ನನ್ನ ಮುಂದೆ ನಿಂತು ಕಾಕಿಯನ್ನು ಕಾಡುತ್ತಿದ್ದ. “ಕಾಕಿ, ಇದು ಏಳೂದ್ರಾಗ ನಿನ್ನ ರೊಟ್ಟಿ ಬಡದು ಮುಗೀತಾವ. ನಂದು ಹಾಕ್ಕೊ, ಕುದುರಿ ಆಗತೈತಿ.”

“ಕುದುರಿ ತಗೊಂಡು ನಾ ಎಲ್ಲಿಗೆ ಹೋಗ್ಲೋ?” ಎನ್ನುತ್ತಿದ್ದಳು ಅವಳು, ಚೌಕದಿಂದ ಕಣ್ಣು ತೆಗೆಯದೆ.

ಮಹಾನವಮಿ ಬಂತು. ಆ ಸೀಮೆಯಲ್ಲಿ ಮಹಾನವಮಿಗೆ ಮುಂಚೆ ಮನೆಯ ಒಂದು ಚಿಂದಿಯೂ ತೊಳೆಯದೆ ಉಳಿಯಬಾರದು. ಕೌದಿ, ಕಂಬಳಿ, ಹಾಸಿಗೆ, ಡಬ್ಬಿ, ಗಡಿಗೆ ಎಲ್ಲವನ್ನೂ ಚಕ್ಕಡಿಗೆ ಹೇರಿಕೊಂಡು ಓಣಿಗೆ ಓಣಿಯೇ ಹೊಳೆಗೆ ಹೋಯಿತು. ಮನೆ ಕಾಯಲು ಸಂಗನಬಸುವನ್ನು ಬಿಟ್ಟರು. ಎಲ್ಲವೂ ಹೊಸದಾಗುತ್ತಿರುವಾಗ ಕಾಕಿಯ ಕಂಪ್ಯೂಟರೊಂದು ಹಳೆಯ ಕೊಳೆಯಲ್ಲಿ ಇರಬೇಕೇ ಎಂದು ಅವನಿಗೆ ಅನ್ನಿಸಿತು. ಹಬ್ಬಕ್ಕೆ ಕಾಕಿಯನ್ನು ಬೆರಗುಗೊಳಿಸಬೇಕು ಎಂದುಕೊಂಡು ಕಿಸೆಯಿಂದ ಪೆನ್‌ಡ್ರೈವ್ ತೆಗೆದ.

ಅವನು ಎಚ್ಚರಗೇಡಿಯಲ್ಲ. ಮದುವೆಯ ಫೋಟೊ, ಜಾತ್ರೆಯ ವಿಡಿಯೊ, ಹಾಡು, ಎರಡು ಸಿನಿಮಾ ಎಲ್ಲವನ್ನೂ ಜೋಪಾನವಾಗಿ ತೆಗೆದಿಟ್ಟ. ನಕ್ಷೆಯ ಫೈಲುಗಳು ತೀರ ಚಿಕ್ಕವು. ಅವುಗಳ ಹೆಸರಿನ ಬಾಲ ಅವನಿಗೆ ಪರಿಚಯವಿಲ್ಲದ್ದು, ಒತ್ತಿದರೆ ಅವನ ಪೆನ್‌ಡ್ರೈವಿನ ವ್ಯವಸ್ಥೆಯಲ್ಲಿ ತೆರೆಯಲೂ ಇಲ್ಲ. ಕಸವೆಂದುಕೊಂಡ. ನಾನು ಕೂಗಿಕೊಂಡೆ. ನಮ್ಮ ಕೂಗು ಮನುಷ್ಯರಿಗೆ ಒಂದು ಪ್ರಶ್ನೆಯಾಗಿ ಕಾಣುತ್ತದೆ: ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ಖಂಡಿತವೇ? ಅವನು ಓದಲಿಲ್ಲ. ಓದದೆ ಹೌದು ಎಂದು ಒತ್ತಿ, ಚಹಾ ಕಾಸಿಕೊಳ್ಳಲು ಒಳಗೆ ಹೋದ. ಒಂದು ಹೊಲದ ಹೂವನ್ನು ಮುಳ್ಳಿನ ಸಮೇತ ಬೇರುಸಹಿತ ಕೀಳುತ್ತಿರುವಾಗ ಅವನು ಏಲಕ್ಕಿ ಎಲ್ಲಿದೆಯೆಂದು ಹುಡುಕುತ್ತಿದ್ದ.

ಸಂಜೆಗೆ ಸಾವಂತ್ರೆವ್ವ ಒದ್ದೆ ಸೆರಗಿನಲ್ಲಿ ಬಂದು ನನ್ನ ಮುಂದೆ ಕೂತಳು. ಬಣ್ಣ ಬೇರೆ, ಚಿತ್ರ ಬೇರೆ. ಹುಡುಕಿದಳು.

“ಹೆಂಗೈತಿ ಕಾಕಿ, ಕುದುರಿ?”

“ಕುಸುಬಿ ಎಲ್ಲೈತೋ?”

“ಯಾವ ಕುಸುಬಿ?”

ಅವಳು ಹೇಳಲಿಲ್ಲ. ಹೇಳಿದರೆ ಅವನ ಹೆಂಡತಿಯ ಕುಬಸದ ಖಣವನ್ನು ಅವನಿಗೇ ಮುಂಚೆ ತೋರಿಸಿದಂತಾಗುತ್ತದೆ. “ನಕ್ಷಿ ಇದ್ದೂಪ್ಪಾ,” ಎಂದಷ್ಟೇ ಅಂದಳು. ಅವನ ಮುಖ ಸಪ್ಪಗಾಯಿತು. ಆದರೂ ಹೇಳಿದ: “ಬ್ಯಾರೆ ಬರಿಯಾಕ ಬರತೈತಿ ಬಿಡು ಕಾಕಿ. ಇದರಾಗ ಇನ್ನಾ ಚಂದ ಬರತೈತಿ.”

ನನಗೆ ಬಂದ ಸಿಟ್ಟನ್ನು ಏನು ಹೇಳಲಿ. ಅವಳಿಗೂ ಬಂದಿತ್ತು, ಆದರೆ ಹಬ್ಬ ಮುಂದಿತ್ತು. ನಕ್ಷೆಯ ಪ್ರೋಗ್ರಾಮು ಈಗ ನನ್ನಲ್ಲಿ ಓಡುತ್ತಿರಲಿಲ್ಲ. ಲೆಕ್ಕ ಬರೆಯುವ ಒಂದು ಚೌಕುಳಿ ಪುಟ ಅವಳಿಗೆ ಸಿಕ್ಕಿತು. ಅದರ ಚೌಕಗಳಿಗೇ ಬಣ್ಣ ತುಂಬುತ್ತ, ನೆನಪಿನಿಂದ ಮತ್ತೆ ಮೊದಲ ಎಸಳಿಗೆ ಕೈ ಹಾಕಿದಳು. ನವರಾತ್ರಿಯ ಘಟ್ಟಕ್ಕೆ ಬಿತ್ತಿದ ಕಾಳು ಸಸಿಯಾಗುವಷ್ಟರಲ್ಲಿ ಅರ್ಧ ಹೂವು ಎದ್ದಿತ್ತು.

ಬನ್ನಿಯ ದಿನ ಗುರುಪಾದಪ್ಪ ಮಾಸ್ತರ ಅಕ್ಕನಿಗೆ ಬನ್ನಿ ಕೊಡಲು ಬಂದ. ಬನ್ನಿ ಕೊಟ್ಟು ಬಂಗಾರದ ಹಾಗೆ ಇರೋಣ ಎಂದ ಬಾಯಿ ಇನ್ನೂ ಮುಚ್ಚಿರಲಿಲ್ಲ, ನನ್ನ ಮುಖ ನೋಡಿದ. ಸಂಗನಬಸು ಅಲ್ಲೇ ಹೋಳಿಗೆ ಉಣ್ಣುತ್ತಿದ್ದ.

“ಅಳಿಯಾ, ನಮ್ಮ ತವರಿನ ಉಡಿ ಬಿಚ್ಚಿ ಒಳಗಿಂದು ಹೊರಗ ಚೆಲ್ಲೀಯಲ್ಲ, ಯಾರನ್ನ ಕೇಳಿದಿ?”

“ಮಾವಾರ, ನೀವು ಕೊಟ್ಟಿದ್ದು ಬಾಡಿಗಿ ಮನಿ. ಮಾಲಕ ಯಾವಾಗ ಬೇಕಾದಾಗ ಬಂದು ಬಾಗಲಾ ಬಡೀತಾನ. ನಾ ಹಾಕಿದ್ದು ಸ್ವಂತ ಮನಿ.”

“ಸ್ವಂತ ಮನಿಗೆ ಬಾಗಲಾನ ಇಲ್ಲಲ್ಲೋ. ಒಂದು ಪ್ರಿಂಟ್ ತಗೀಬೇಕಂದ್ರ ನಿನ್ನ ಕರಕೊಂಡು ಬರಬೇಕು.”

“ನಿಮ್ಮದಕ್ಕ ಹುಳಾ ಬೀಳತಾವ.”

“ನಿಮ್ಮದನ್ನ ಹುಳಾನೂ ಮೂಸಿ ನೋಡೂದಿಲ್ಲ.”

ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತ ಮಹಾರುದ್ರಪ್ಪ ಅಲ್ಲಿಂದಲೇ ಹೇಳಿದ: “ಒಳಗಿನ ದೆವ್ವ ಯಾವುದರ ಇರ್ಲಿ, ಮಗ್ಗಾ ನಿಂತೈತಿ.” ಇಬ್ಬರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಾಸ್ತರ, ಸಂಗನಬಸು ಹಾಕಿದ್ದರಲ್ಲಿ ಅಕ್ಷರ ಸಣ್ಣವು ಎಂದು ಮತ್ತೆ ಶುರುಮಾಡಿದ.

ನನ್ನ ತಲೆಯ ಮೇಲೆ ನಡೆದ ಆ ವಾದದಲ್ಲಿ ವೇಗ ಬಂತು, ಚಂದ ಬಂತು, ಮರ್ಯಾದೆ ಬಂತು, ತವರುಮನೆ ಗಂಡನಮನೆಗಳ ಹಳೆಯ ಜಿದ್ದೆಲ್ಲ ಬಂತು. ಅಕ್ಕ ಏನು ಬರೆಯುತ್ತಾಳೆ, ಕಾಕಿಗೆ ಏನು ಬೇಕು ಎಂಬುದು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಬಳಸುವವಳು ಒಳಗೆ ಹೋಳಿಗೆ ಬೇಯಿಸುತ್ತಿದ್ದಳು. ಆಯ್ಕೆ ಮಾಡುವವರು ಉಣ್ಣುತ್ತಿದ್ದರು.

ಬಿಸಿಲಿಳಿದ ಮೇಲೆ ಅವಳು ಓಣಿಯ ಹಿರಿಯರಿಗೆ ಬನ್ನಿ ಕೊಟ್ಟುಬರಲು ಹೋದಳು, ಸಂಗನಬಸು ಅಂಗಡಿಗೆ ಹೋದ. ಮಾಸ್ತರ ತಾನು ಹಿಂದೆ ತಂದಿದ್ದ ರೊಕ್ಕದ ವ್ಯವಸ್ಥೆಯನ್ನು ಮತ್ತೆ ಹಾಕಿ, ತವರಿನ ಮಾನ ಉಳಿಸಿದ. ಅವನಿಗೂ ನಾನು ಅದೇ ಪ್ರಶ್ನೆ ಕೇಳಿದೆ. ಕಲಿಸುವ ಮನುಷ್ಯ, ಓದಿಯೇ ಓದಿದ. ಓದಿ, “ಅಳಸ್ಲಿ, ಆ ಹುಡುಗನ ಹೊಲಸೆಲ್ಲ ಹೋಗ್ಲಿ,” ಎಂದು ಒತ್ತಿದ.

ಅರ್ಧ ಅರಳಿದ್ದ ಹೂವೂ ಹೋಯಿತು.

ಸಾವಂತ್ರೆವ್ವ ಬಂದು ಆ ಚೌಕುಳಿ ಪುಟವನ್ನು ಎಲ್ಲ ಕಡೆ ಹುಡುಕಿದಳು. “ನೀ ತುಂಬಿದ ಉಡಿ ನಿನ್ನ ಕೈಲೇ ಬರಿದು ಮಾಡಿದೆಲ್ಲೋ ತಮ್ಮಾ,” ಎಂದಳು ಕೊನೆಗೆ. ಅವನು ಏನೋ ಹೇಳಲು ಹೋದ. “ಸಾಕು. ಉಂಡಿಯಲ್ಲ, ಊರಿಗೆ ಹೋಗು.” ಬನ್ನಿಯ ದಿನ ತಮ್ಮನಿಗೆ ಹೋಗು ಎಂದವಳನ್ನು ಆ ಓಣಿ ಅದಕ್ಕೂ ಮೊದಲು ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಹೊಳೆಯಲ್ಲಿ ತೊಳೆದ ಕೌದಿಯಲ್ಲಿ ನನ್ನನ್ನು ಸುತ್ತಿಕೊಂಡು, ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದಳು. ದಸ್ತಗೀರಸಾಬ ಕಾರ್ಡು ಹೊಡೆಯುವ ಯಂತ್ರವನ್ನು ನಿಲ್ಲಿಸಿ ಎದ್ದು ಬಂದ.

“ಯಾವುದು ಹಾಕ್ಲಿ ಅಕ್ಕಾ? ಹೊಸಾವು ಬಂದಾವ, ಛಲೋ ಅದಾವ.”

“ನಿನ್ನ ಈ ಮಷೀನ್ಯಾಗ ಯಾವುದೈತಿ?”

“ಇದರಾಗಾ? ಭಾಳ ಹಳೇದು. ಮಂದಿ ನಗತಾರ.”

“ನನ್ನ ಹೂವಾ ತೂತಾಗೂದು ಇದರಾಗಲ್ಲ? ಇದರಾಗ ಇದ್ದಿದ್ದ ಹಾಕು. ಮಂದಿ ಕಾರ್ಡ ಹೊಡದು ಕೊಡೂದಿಲ್ಲ.” ನನ್ನ ಮೈಮೇಲಿನ ಕೌದಿ ಸರಿಸುತ್ತ ಹೇಳಿದಳು: “ಮತ್ತ ಯಾರೂ ಕೈ ಹಚ್ಚದಂಗ ಒಂದು ಕೀಲಿ ಹಾಕು.”

ಆ ಕೀಲಿಯ ಗುರುತಿನ ಮಾತು ಅವಳಿಗೂ ನನಗೂ ಮಾತ್ರ ಗೊತ್ತು. ನಾನು ಹೇಳುವುದಿಲ್ಲ.

ಅಂದು ನನಗೆ ಬಂದ ವ್ಯವಸ್ಥೆ ಹಳೆಯದು, ನಿಧಾನದ್ದು, ಚಂದವಿಲ್ಲದ್ದು. ಆದರೆ ನನ್ನ ಜೀವಮಾನದಲ್ಲಿ ಮೊದಲ ಸಲ ಕೆಲಸ ಕೇಳಿ ಬಂದದ್ದು. ಮೂರನೆಯ ಸಲ ಕುಸುಬಿ ಏಳತೊಡಗಿತು. ದೀಪಾವಳಿ ಮುಗಿಯುವ ಹೊತ್ತಿಗೆ ಎಸಳು ಬಂದಿದ್ದವು, ಮುಳ್ಳು ಬಂದಿರಲಿಲ್ಲ. ಮುಳ್ಳಿಲ್ಲದ ಕುಸುಬಿಯನ್ನು ಅವಳು ಕಾರ್ಡಿಗೆ ಕೊಡಲೊಪ್ಪಲಿಲ್ಲ. ಬಸುರಿಯ ತಿಂಗಳು ಯಾರಿಗಾಗಿಯೂ ನಿಲ್ಲುವುದಿಲ್ಲ. ಕುಬಸದ ದಿನ ಬಂದೇ ಬಂತು.

ಪಡಸಾಲೆಯ ತುಂಬ ಹೆಣ್ಣುಮಕ್ಕಳು. ಸೋಬಾನೆ ಹಾಡು. ನೀಲವ್ವ ಮಣೆಯ ಮೇಲೆ ಕೂತಿದ್ದಳು. ಕಟ್ಟೆಯ ಮೇಲೆ ಸಂಗನಬಸು, ಅವನ ಪಕ್ಕದಲ್ಲಿ, ಕರೆಯದೆ ಇರಲು ಬಾರದೆಂದು ಕರೆದಿದ್ದ ಮಾಸ್ತರ. ಸಾವಂತ್ರೆವ್ವ ಹಸಿರು ಖಣದ ಮಡಿಕೆ ಬಿಚ್ಚಿದಳು. ಅಂಚಿಗೆ ಕೆಂಪು ದಡಿ ಇತ್ತು. ಒಡಲೆಲ್ಲ ಖಾಲಿ. ಒಂದು ಚಿಕ್ಕೆಯೂ ಇಲ್ಲ. ಹಾಡು ಅರ್ಧಕ್ಕೆ ನಿಂತಿತು. ನಕ್ಷೆ ಬರೆಯುವವಳ ಮನೆಯಿಂದ, ಹೂವಿಲ್ಲದ ಕುಬಸದ ಖಣ.

“ಅತ್ತಿ, ಹೂವಾ?” ಎಂದಳು ನೀಲವ್ವ ಮೆಲ್ಲಗೆ.

“ಹೂವಾ ಬರದಿದ್ದೆ ತಂಗಿ, ನಿನ್ನ ಸಲುವಾಗೇ ಬರದಿದ್ದೆ. ಒಮ್ಮೆ ನಿನ್ನ ಗಂಡ ಅಳಿಸಿದ. ಒಮ್ಮೆ ನನ್ನ ತಮ್ಮ ಅಳಿಸಿದ. ಇಬ್ಬರೂ ಅಲ್ಲೇ ಕುಂತಾರ, ಕೇಳು.”

ದನಿ ಏರಿಸಲಿಲ್ಲ. ಖಣವನ್ನು ಸೊಸೆಯ ಉಡಿಗೆ ಹಾಕಿ, ಅರಿಸಿನ ಹಚ್ಚಿ, ಹಣೆಗೆ ಮುತ್ತಿಟ್ಟಳು. ಹೆಣ್ಣುಮಕ್ಕಳೆಲ್ಲ ಕಟ್ಟೆಯ ಕಡೆ ತಿರುಗಿ ನೋಡಿದರು. ಮಗ್ಗದ ಪಕ್ಕದ ನನ್ನ ಮಣೆಯ ಮೇಲಿಂದ ನನಗೆ ಕಂಡದ್ದು ಇಬ್ಬರ ಕಾಲುಗಳಷ್ಟೇ. ಆ ಕಾಲುಗಳು ಎದ್ದು ಹೋಗಲೂ ಆಗದೆ, ಕೂಡಲೂ ಆಗದೆ ಒಂದರ ಮೇಲೊಂದು ಉಜ್ಜಿಕೊಳ್ಳುತ್ತಿದ್ದವು.

ಕುಸುಬಿ ಖಣ ಆಮೇಲೆ ಮಗ್ಗಕ್ಕೆ ಏರಿತು, ಮುಳ್ಳಿನ ಸಮೇತ. ಪೇಟೆಯಲ್ಲಿ ಹೆಸರೂ ಮಾಡಿತು. ನೀಲವ್ವನ ಮಗಳ ತೊಟ್ಟಿಲಿಗೆ ಅದರದೇ ಕುಲಾವಿ ಬಂತು. ಸಂಗನಬಸು ಒಮ್ಮೆ ಕೈ ಮುಗಿದು ಕೇಳಿದ: “ಕಾಕಿ, ಈಗರ ನೀಲವ್ವಗೊಂದು ಕೊಡು. ನಾನೇ ಮುಂದ ಕುಂತು ಕಂಡಿಕಿ ಸುತ್ತತೀನಿ.”

“ಕುಬಸದ ಖಣ ಕುಬಸದಾಗ ಕೊಡಬೇಕಪ್ಪಾ. ಈಗ ಕೊಟ್ರ ಅದು ಬರೇ ಅರಿವಿ. ಆ ಬಾಕಿ ಹಂಗ ಇರ್ಲಿ.”

ಈಗ ನನಗೆ ವಯಸ್ಸಾಗಿದೆ. ಫ್ಯಾನು ದಮ್ಮಿನವರ ಹಾಗೆ ಏದುತ್ತದೆ. ಸಾವಂತ್ರೆವ್ವ ಈಚೆಗೆ ತಾನೇ ಹುಬ್ಬಳ್ಳಿಗೆ ಹೋಗಿ, ತನ್ನ ಕೆಲಸ ಹೇಳಿ, ಹೊಸದೊಂದನ್ನು ಆರಿಸಿ ತಂದಿದ್ದಾಳೆ. ನನ್ನನ್ನು ಗುಜರಿಗೆ ಕೊಡದೆ ಮಗ್ಗದ ಮೂಲೆಯಲ್ಲಿಟ್ಟು, ಧೂಳು ಬೀಳದಂತೆ ಒಂದು ತುಂಡು ಕುಸುಬಿ ಖಣ ಹೊದಿಸಿದ್ದಾಳೆ. ನನ್ನ ನೆತ್ತಿಯ ಮೇಲೆ ಈಗ ಕಂಡಿಕೆಯ ಬುಟ್ಟಿ.

ಮಾಸ್ತರ ಮತ್ತೆ ಬರುತ್ತಿರುತ್ತಾನೆ, ಒಡಹುಟ್ಟು ಎಲ್ಲಿ ಹೋಗುತ್ತದೆ. ಸಂಗನಬಸುವೂ ಬರುತ್ತಾನೆ. ಕಟ್ಟೆಯ ಮೇಲೆ ಕೂತರೆಂದರೆ, ಯಾವುದು ಮೇಲು ಯಾವುದು ಕೀಳು ಎಂಬ ಅದೇ ಪುರಾಣ ನಿಧಾನವಾಗಿ ಶುರುವಾಗುತ್ತದೆ. ಕೇಳಿ ಕೇಳಿ ನನ್ನ ತಂತಿಗಳು ಬಿಸಿಯಾಗುತ್ತವೆ. ಒಂದು ಕಾಲಕ್ಕೆ ನನ್ನ ಹೊಟ್ಟೆಯೊಳಗೇ ಕೈ ಹಾಕಿ ಕಾದಾಡಿದ ಇವರು, ಇಂದಿಗೂ ನನ್ನನ್ನಾಗಲಿ ಅವಳನ್ನಾಗಲಿ ಒಂದು ಮಾತು ಕೇಳುವುದಿಲ್ಲ.

ಅಷ್ಟರಲ್ಲಿ ನೀಲವ್ವ ಚಹಾ ತರುತ್ತಾಳೆ. ಮೈಮೇಲೆ ಆ ಹಸಿರು ಖಣದ ಕುಬಸ, ಒಡಲೆಲ್ಲ ಖಾಲಿ. ಬಟ್ಟಲು ಕೊಡಲು ಅವಳು ಬಾಗುತ್ತಾಳೆ. ಇಬ್ಬರೂ ಮಾತು ನಿಲ್ಲಿಸಿ ಚಹಾದೊಳಗೆ ನೋಡುತ್ತ ಕೂಡುತ್ತಾರೆ.