ಉಪ್ಪಿನ ಜನರ ದೌರ್ಬಲ್ಯ

ನಮ್ಮ ಕಚೇರಿಯಲ್ಲಿ ಪಾತ್ರ ವಹಿಸಿ ಆಡುವ ಕಲ್ಪನಾಲೋಕದ ಆಟಗಳನ್ನು ಮಾಡುತ್ತೇವೆ. ಅವುಗಳಿಗೆ ಜನಾಂಗಗಳನ್ನು ಹುಟ್ಟಿಸುವುದು ನನ್ನ ಕೆಲಸ. ಹುಟ್ಟಿದ್ದರಲ್ಲಿ ಅರ್ಧವನ್ನು ಕಿತ್ತುಹಾಕುವುದು ಸಂಪಾದಕರ ಕೆಲಸ. ಅವರಿಗೆ ಕತ್ತರಿ ಎಂಬ ಹೆಸರು ಬಂದದ್ದೇ ಹಾಗೆ.

"ಬೆಕ್ಕಿನ ಕಿವಿ ಅಂಟಿಸಿ ಹೊಸ ಜನ ಅಂತ ತರ್ಬೇಡ ಪುಣ್ಯಾತ್ಮ," ಎಂದಿದ್ದರು. "ಮನುಷ್ಯರ ಥರ ಇರ್ಲಿ. ಪ್ರಾಣಿ ವಾಸನೆ ಮಾತ್ರ ಬೇಡ."

ನಾನು ಉಪ್ಪಿನ ಜನರನ್ನು ಮಾಡಿದೆ. ಎರಡು ಕೈ, ಎರಡು ಕಾಲು, ಹರಳುಗಟ್ಟಿದ ಬಿಳಿ ಮುಖ. ರಕ್ತವಿಲ್ಲ, ಉಸಿರಿಲ್ಲ. ತೇವದ ಗಾಳಿ ತಗುಲಿದರೆ ಕರಗುತ್ತಾರೆ. ಪಾತ್ರದ ಹಾಳೆಯಲ್ಲಿ 'ದೌರ್ಬಲ್ಯ' ಎಂಬ ಖಾನೆಯೊಂದು ಖಾಲಿ ಉಳಿದಿತ್ತು. ಗಡುವಿಗೆ ಹತ್ತೇ ನಿಮಿಷ. ಕೈಗೆ ಸಿಕ್ಕಿದ್ದನ್ನು ಬರೆದೆ: ಬಾಗಿಲು ದಾಟಿದ ಮೇಲೆ ಚಿಲಕವನ್ನು ಮೂರು ಸಲ ಮುಟ್ಟಿ ನೋಡಲೇಬೇಕು, ಇಲ್ಲದಿದ್ದರೆ ಮುಂದೆ ಹೆಜ್ಜೆ ಏಳದು.

ಕೈಗೆ ಸಿಕ್ಕಿದ್ದು ನನ್ನ ಅಕ್ಕ. ಈ ಚಿಲಕದ ಕಾಟಕ್ಕೇ ಕೆಲಸ ಬಿಟ್ಟು ಎಂಟು ತಿಂಗಳಿಂದ ಮನೆಯಿಂದ ಹೊರಬಿದ್ದಿಲ್ಲ.

ಶನಿವಾರದ ಪರೀಕ್ಷಾ ಆಟಕ್ಕೆ ಒಬ್ಬರು ಕೈಕೊಟ್ಟರು. ನಾನು ಫೋನಿನಲ್ಲಿ ಪರದಾಡುವುದನ್ನು ಕೇಳಿ ಅಕ್ಕ, "ನಾನು ಬರ್ಲೇನೋ?" ಎಂದಳು. ಎಂಟು ತಿಂಗಳ ಮೇಲೆ ತಾನಾಗಿ ಕೇಳಿದವಳಿಗೆ ಬೇಡ ಎನ್ನಲು ನಾಲಿಗೆ ಏಳಲಿಲ್ಲ.

ಮೇಜಿನ ಸುತ್ತ ನಾಲ್ಕು ಜನ, ನಾಲ್ಕು ಹಾಳೆ. ಯಾರಿಗೆ ಯಾವುದೆಂದು ದಾಳ ಹೇಳುತ್ತದೆ. ಹುಟ್ಟಿಸಿದವನು ಗೋಡೆ ಪಕ್ಕದ ಸ್ಟೂಲಿನಲ್ಲಿ ಕೂರಬೇಕು, ಆಟ ಮುಗಿಯುವವರೆಗೆ ತುಟಿ ಬಿಚ್ಚುವಂತಿಲ್ಲ.

ದಾಳ ಉರುಳಿತು. ಉಪ್ಪಿನ ಜನ ಅಕ್ಕನ ಪಾಲಿಗೆ ಬಂದರು.

ನಿಯಮ ಮುರಿದು ಮಾತಾಡಿದರೂ ಏನನ್ನಲಿ? ಅದು ನಮ್ಮಕ್ಕನ ಹಾಳೆ, ವಾಪಸ್ಸು ಕೊಡಿ ಎಂದೇ? ಅವಳ ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ದೌರ್ಬಲ್ಯದ ಖಾನೆಯಲ್ಲಿ ನಿಂತಿತು. ಈಗ ಎದ್ದು ಹೋದರೆ ಮತ್ತೆಂದೂ ಹೊರಗೆ ಬರುವುದಿಲ್ಲ.

ಆಟ ನಡೆಸುತ್ತಿದ್ದ ಕತ್ತರಿ, "ಗವಿಯ ಬಾಗಿಲು ದಾಟಿದ್ರಿ. ಹಿಂದೆ ಮಂಜು ಬರ್ತಾ ಇದೆ. ಏನ್ ಮಾಡ್ತೀರಿ?" ಎಂದರು.

"ಇದು ತಪ್ಪು," ಎಂದಳು ಅಕ್ಕ.

"ಯಾವುದಮ್ಮ?"

"ಮೂರು ಸಲ ಸಾಲಲ್ಲ. ಐದಾಗ್ಬೇಕು."

"ಅದ್ಹೇಗೆ ಹೇಳ್ತೀರಿ?"

"ನಾನೇ ಉಪ್ಪಿನವಳಲ್ವಾ," ಎಂದಳು. ಮೇಜು ನಕ್ಕಿತು. ಅವಳು ನಗಲಿಲ್ಲ. ನನ್ನತ್ತ ತಿರುಗಿ ದನಿ ತಗ್ಗಿಸಿದಳು. "ಮೂರಾಗ್ತಿದ್ದ ಹಾಗೇ ಟೈಮಾಯ್ತು ಅಂತ ನೀನು ನನ್ ಕೈ ಹಿಡ್ದು ಎಳೀತಿದ್ದೆ ಕಣೋ. ಅದಕ್ಕೇ ನೀನು ನೋಡಿದ್ದು ಮೂರೇ."



ಕತ್ತರಿ ಹಾಳೆಯಲ್ಲಿ ಮೂರನ್ನು ಹೊಡೆದುಹಾಕಿ ಐದು ಬರೆದರು. "ಸರಿ. ಮಂಜು ಹತ್ರ ಬಂತು. ಬೇಗ."

"ಬೇಗ ಆಗಲ್ಲ. ಕಾಯ್ಬೇಕು," ಎಂದು ಅಕ್ಕ ಬೆರಳನ್ನು ಮೇಜಿನ ಅಂಚಿಗೆ ತಾಗಿಸಿದಳು. ಒಂದು. ಎರಡು. ಮೂರು. ಅಲ್ಲಿ ತಡೆದು ನನ್ನ ಕೈಯನ್ನೇ ನೋಡಿದಳು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತೆ.

ನಾಲ್ಕು, ಎಂದಳು.