ಹನ್ನೊಂದನೆಯ ಅಕ್ಷರ

೧೯೮೯ರ ಜೂನ್ ತಿಂಗಳು. ಬಳ್ಳಾರಿಯ ಗಾಂಧಿನಗರದ ಬೀಜ ಸಹಕಾರ ಸಂಘದಲ್ಲಿ ಚನ್ನವೀರಮ್ಮ ಬರೆದ ಪ್ರೋಗ್ರಾಂ ಬೆಳಿಗ್ಗೆಯಿಂದ ಆರನೆಯ ಸಲ ನೆಲಕಚ್ಚಿತು. ಬಿತ್ತನೆ ಭತ್ತಕ್ಕೆ ಬಂದ ರೈತರ ಸಾಲು ರಸ್ತೆಗೆ ಇಳಿದಿತ್ತು.

ಸತ್ಯನಾರಾಯಣಪೇಟೆಯ ಚನ್ನವೀರಮ್ಮನಿಗೆ ಇಪ್ಪತ್ನಾಲ್ಕು ವರ್ಷ. ಒಂದೊಂದು ಊರಿನ ಸುತ್ತಲಿನ ರೈತರ ವಿವರವನ್ನು ಈ ಕಚೇರಿಯಲ್ಲೇ ಇದ್ದ ಒಂದೊಂದು ಸರ್ವರ್‌ನಲ್ಲಿ ಇಟ್ಟು, ಅದಕ್ಕೆ ಆ ಊರಿನದೇ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟಿದ್ದಳು. ಕೌಂಟರಿನ ಕಂಪ್ಯೂಟರು ಮೊದಲು ಯಾವ ಯಾವ ಸರ್ವರ್ ಇವೆಯೆಂದು ಹುಡುಕುತ್ತಿತ್ತು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಎಂದು ಅವು ಉತ್ತರ ಕೊಟ್ಟಮೇಲೆ ಪಟ್ಟಿ ಮೂಡುತ್ತಿತ್ತು. ಇವತ್ತು ಹುಡುಕಲು ಹೊರಟೊಡನೆ ತೆರೆ ಕಪ್ಪಾಗುತ್ತಿತ್ತು.

"ಏನವ್ವ ಇದು? ಹಳೇ ರಿಜಿಸ್ಟರ್ ತೆಗಸ್ಲೇನು?" ಎಂದರು ಮ್ಯಾನೇಜರ್ ತಿಪ್ಪೇರುದ್ರಪ್ಪ.

ರಿಜಿಸ್ಟರ್ ಎಂಬ ಮಾತು ಅವಳಿಗೆ ಚುರುಕ್ಕೆಂದಿತು. ಅವನ್ನು ಬೀರುವಿಗೆ ಸೇರಿಸಲು ಒಂದು ವರ್ಷ ಅವರ ಬೆನ್ನು ಹತ್ತಿದ್ದಳು.

"ಅರ್ಧ ತಾಸು ಕೊಡ್ರಿ ಸರ್. ಮಾರೆಣ್ಣ, ಒಂದೊಂದೇ ಸರ್ವರ್ ಬಂದ್ ಮಾಡ್ತಾ ಬರ್ರಿ."

ಸಿರುಗುಪ್ಪದವನಾದ ಗುಮಾಸ್ತ ಮಾರೆಣ್ಣ ಬಳ್ಳಾರಿಯ ಸರ್ವರ್ ಆರಿಸಿದ. ತೆರೆ ಕಪ್ಪು. ಅದನ್ನು ಹಚ್ಚಿ ಸಿರುಗುಪ್ಪದ್ದನ್ನು ಆರಿಸಿದ. ಆಗಲೂ ಕಪ್ಪು.

"ನಮ್ಮೂರಿಂದೇನೂ ತಪ್ಪಿಲ್ಲ, ನೋಡ್ರಿ ಮತ್ತ!"

ಕುರುಗೋಡಿನದೂ ಅಲ್ಲ. ಕೊನೆಗೆ, ಹಿಂದಿನ ದಿನವಷ್ಟೇ ಜೋಡಿಸಿದ ತೆಕ್ಕಲಕೋಟೆಯದನ್ನು ಆರಿಸಿದ. ಪಟ್ಟಿ ಥಟ್ಟನೆ ಮೂಡಿತು!

ಚನ್ನವೀರಮ್ಮ ತೆಕ್ಕಲಕೋಟೆಯ ಇಂಗ್ಲಿಷ್ ಅಕ್ಷರಗಳನ್ನು ಬೆರಳಲ್ಲಿ ಎಣಿಸಿದಳು. ಬೆರಳು ಮುಗಿದವು, ಒಂದಕ್ಷರ ಉಳಿಯಿತು. ಅವಳಿಗೆ ನಗು ಒತ್ತರಿಸಿ ಬಂತು.

"ಸರ್, ಹೆಸರಿಗೆ ಹತ್ತೇ ಮನಿ ಇಟ್ಟೈತಿ, ಅಕ್ಷರಕ್ಕೊಂದು. ಹನ್ನೊಂದನೇ ಅಕ್ಷರ ಪಕ್ಕದ ಮನಿಗೆ ನುಗ್ಗಿ ಎಲ್ಲಾ ಕೆಡಿಸೈತಿ!"

"ಹತ್ತೇ ಇಟ್ಟ ಶ್ಯಾಣ್ಯಾ ಯಾರು?"

"ನಾನ ರೀ!"

"ಹಂಗಾದ್ರ ತೆಕ್ಕಲ ಅಂತ ಇಡು. ಕೆಲಸ ಮುಗೀತು."

ಸಾಲಿನ ಮುಂದೆ ನಿಂತಿದ್ದ ತೆಕ್ಕಲಕೋಟೆಯ ಹಂಪಕ್ಕ ಕೌಂಟರನ್ನು ಕುಟ್ಟಿದಳು. "ಯಾಕ್ರಿ ಸಾಹೇಬ್ರ? ನಮ್ಮೂರ ಹೆಸರು ಕೊಯ್ಯಾಕ ಅದೇನು ಸೊಪ್ಪೇನ್ರಿ? ಬಳ್ಳಾರಿನ ಬರೇ ಬಳ್ ಅನ್ರಿ ನೋಡೂಣು!"

ಸಾಲಿಗೆ ಸಾಲೇ "ಬಳ್! ಬಳ್!" ಎಂದು ಕೂಗಿ ನಕ್ಕಿತು. ತಿಪ್ಪೇರುದ್ರಪ್ಪನವರು ಕನ್ನಡಕ ತೆಗೆದು ಒರೆಸತೊಡಗಿದರು.

"ಒಂದಕ್ಷರಾನೂ ಮುಟ್ಟಂಗಿಲ್ಲ ಅಕ್ಕಾ. ತಪ್ಪು ನಂದು, ಊರಿಂದಲ್ಲ" ಎಂದಳು ಚನ್ನವೀರಮ್ಮ. ನಾಳೆ ಇನ್ನೂ ಉದ್ದ ಹೆಸರಿನ ಊರು ಬಂದರೆ ಇದೇ ಗತಿ ತಾನೇ? ಹತ್ತನ್ನು ಮೂವತ್ತು ಮಾಡಿದಳು. ಅದಕ್ಕೂ ಮೀರಿದ ಹೆಸರು ಬಂದರೆ ಪಕ್ಕದ ಜಾಗಕ್ಕೆ ನುಗ್ಗದಂತೆ ತಡೆಯನ್ನೂ ಬರೆದಳು. ಹೊಸ ಪ್ರೋಗ್ರಾಂ ಸಿದ್ಧವಾಗಲು ನಾಲ್ಕು ನಿಮಿಷ ಹಿಡಿಯಿತು. ರೈತರು ಕೌಂಟರಿನ ಮೇಲೆ ಬಾಗಿ, ಒಬ್ಬರ ಹೆಗಲ ಮೇಲೊಬ್ಬರು ಗದ್ದವಿಟ್ಟು ಕಾದರು.

ನಾಲ್ಕೂ ಸರ್ವರ್ ಹಚ್ಚಿ ಕೀಲಿ ಒತ್ತಿದಳು. ಬಳ್ಳಾರಿ ಬಂತು. ಕುರುಗೋಡು. ಸಿರುಗುಪ್ಪ. ಆಮೇಲೆ ಒಂದು ಕ್ಷಣ ಏನೂ ಇಲ್ಲ. ತೆಕ್ಕಲಕೋಟೆ!

ಮಾರೆಣ್ಣ ಶಿಳ್ಳೆ ಹೊಡೆದ. ಚನ್ನವೀರಮ್ಮ ಹಂಪಕ್ಕನ ಎರಡೂ ಕೈ ಹಿಡಿದು ನಿಂತಲ್ಲೇ ಕುಣಿದಳು; ಹಂಪಕ್ಕನ ಬಳೆಗಳು ಘಲ್ಲೆಂದವು.

"ಇನ್ನೊಮ್ಮಿ ಮಾಡಿ ತೋರ್ಸು" ಎಂದರು ತಿಪ್ಪೇರುದ್ರಪ್ಪ. ತೋರಿಸಿದಳು. "ಇನ್ನೊಮ್ಮಿ." ಮತ್ತೆ ತೋರಿಸಿದಳು. ನಾಲ್ಕನೆಯ ಸಲ ಅವರೇ ಕುರ್ಚಿ ಎಳೆದುಕೊಂಡು ಕೂತು ಕೀಲಿ ಒತ್ತಿದರು.

"ಸಾಹೇಬ್ರ, ಆಟ ಸಾಕು, ಬೀಜ ಕೊಡ್ರಿ!" ಎಂದಳು ಹಂಪಕ್ಕ. "ಬಸ್ಸು ತಪ್ಪಿದ್ರ ಚೀಲಾನೂ ನನ್ನೂ ನೀವ ಹೊತ್ಕೊಂಡು ಹೋಗ್ಬೇಕಾಕ್ಕತಿ!"

ಬೀಜದ ಚೀಟಿಗಳು ಕಂಪ್ಯೂಟರಿನಿಂದ ಒಂದರ ಹಿಂದೊಂದು ಬಂದವು. ಮಧ್ಯಾಹ್ನದ ಹೊತ್ತಿಗೆ ರಸ್ತೆಯಲ್ಲಿದ್ದವರೆಲ್ಲ ಒಳಗೆ ಬಂದಿದ್ದರು. ಮಾರೆಣ್ಣ ಮಿರ್ಚಿ ಬಜ್ಜಿ, ಮಂಡಕ್ಕಿಯ ಮಂಡಾಳ ತಂದ. ಚನ್ನವೀರಮ್ಮ ಎರಡನೆಯ ಮಿರ್ಚಿ ಕಚ್ಚುತ್ತಿದ್ದಾಗ, ಒಳಕೋಣೆಯಿಂದ ತಿಪ್ಪೇರುದ್ರಪ್ಪನವರು ಸಿರುಗುಪ್ಪದ ಶಾಖೆಗೆ ಫೋನಿನಲ್ಲಿ ಕೂಗುವುದು ಕೇಳಿಸಿತು:

"ನಮ್ಮ ಹುಡುಗಿ ಕಂಡು ಹಿಡದ್ಲು ರೀ! ಏನಾಗಿತ್ತು ಅಂತೀರೇನು? ಅದನ್ನ ಹೇಳಾಕ ನನಗ ಬರಂಗಿಲ್ಲ, ತಡೀರಿ, ಆಕೀನ ಕರೀತೀನಿ!"